ಕಣೇಕಲ್ಲು ಕೆರೆ ಏರಿಯ ಮೇಲೆ ಹಾರ್ನ್ ಹಾಕಿದ ದಿನ

ಬೆಳಿಗ್ಗೆ ಎದ್ದು ಕಾರಿನ ರೇಡಿಯೇಟರಿಗೆ ನೀರು ತುಂಬುವುದು ನನ್ನ ಮೊದಲ ಕೆಲಸ, ಕಾಫಿ ಆಮೇಲೆ. ಅಂದೂ ಹಾಗೆಯೇ ಮಾಡಿದೆ. ಹಿತ್ತಾಳೆ ಚೊಂಬಿನಲ್ಲಿ ಸೋಸಿದ ನೀರು ತಂದು ಹೊಯ್ದೆ, ಮುಂದಿನ ಗಾಜನ್ನು ಹಳೆಯ ಪಂಚೆಯ ತುಂಡಿನಿಂದ ಒರೆಸಿದೆ, ಚಕ್ರಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಆಸ್ಪತ್ರೆಯ ಕಾಂಪೌಂಡರು ಮುಂದೆ ನಿಂತು ಹ್ಯಾಂಡಲ್ ತಿರುಗಿಸಿದರು. ಎಂಜಿನ್ ಎರಡು ಸಲ ಕೆಮ್ಮಿ ಎದ್ದಿತು.

ಅದು ಎರಡನೆಯ ಮಹಾಯುದ್ಧದ ಕಾಲ. ರಾಯದುರ್ಗ ಆಗ ಮದ್ರಾಸ್ ಪ್ರೆಸಿಡೆನ್ಸಿಯ ಬಳ್ಳಾರಿ ಜಿಲ್ಲೆಯಲ್ಲಿತ್ತು. ನನ್ನ ಯಜಮಾನರು ಅಲ್ಲಿ ಡಾಕ್ಟರು. ನಮ್ಮ ಡ್ರೈವರ್ ಸೈನ್ಯಕ್ಕೆ ಸೇರಿ ಹೋಗಿದ್ದ. ಯಜಮಾನರಿಗೆ ದೂರದ ದೃಷ್ಟಿ ಮಂದ. ಬಳ್ಳಾರಿಯ ಕಾನ್ವೆಂಟಿನಲ್ಲಿ ಓದುತ್ತಿದ್ದಾಗ ಬೇಸಿಗೆ ರಜೆಯಲ್ಲಿ ಅಪ್ಪ ನನಗೆ ಕಾರು ಓಡಿಸುವುದನ್ನು ಕಲಿಸಿದ್ದರು. ಹೀಗೆ ಸ್ಟೀರಿಂಗ್ ನನ್ನ ಕೈಗೆ ಬಂತು. ಲೈಸೆನ್ಸ್ ಮಾಡಿಸಿಕೊಂಡೆ. ಅಡಿಗೆಮನೆಯ ಹೊರಗೆ ನಾನು ಮಾಡಿದ ಉದ್ಯೋಗ ಅದೊಂದೇ. ಸಂಬಳವೂ ಇರಲಿಲ್ಲ, ಹುದ್ದೆಗೊಂದು ಹೆಸರೂ ಇರಲಿಲ್ಲ.

ಅಂದು ಕಣೇಕಲ್ಲಿನಲ್ಲಿ ಕಾಲರಾ ಚುಚ್ಚುಮದ್ದು ಹಾಕುವ ದಿನ. ಔಷಧಿಯ ಪೆಟ್ಟಿಗೆಯನ್ನು ಹಿಂದಿನ ಸೀಟಿನಲ್ಲಿ ಒದ್ದೆ ಗೋಣಿಚೀಲದ ನಡುವೆ ಇಟ್ಟೆವು. ಬಿಸಿಲೇರುವ ಮುಂಚೆ ತಲುಪಬೇಕೆಂದು ಯಜಮಾನರ ಆತುರ. ಕಣೇಕಲ್ಲು ಹತ್ತಿರವಾದಂತೆ ರಸ್ತೆ ದೊಡ್ಡ ಕೆರೆಯ ಏರಿಯನ್ನು ಹತ್ತುತ್ತದೆ. ಒಂದು ಕಡೆ ನೀರಿನವರೆಗೆ ಇಳಿಬಿದ್ದ ಕಲ್ಲುಕಟ್ಟಣೆ, ಇನ್ನೊಂದು ಕಡೆ ಕೆಳಗೆ ಭತ್ತದ ಗದ್ದೆ. ಆಗ ಏರಿಯ ಮೇಲೆ ಒಂದು ಗಾಡಿಗಷ್ಟೇ ಜಾಗವಿತ್ತು. ಗದ್ದೆಗೆ ನೀರು ಬಿಡುವ ತೂಬಿನ ಹತ್ತಿರ ಮಾತ್ರ ರಸ್ತೆ ಸ್ವಲ್ಪ ಅಗಲವಾಗುತ್ತಿತ್ತು.

ನಮ್ಮ ಮುಂದೆ ಒಬ್ಬ ಅಜ್ಜ ನಡೆದು ಹೋಗುತ್ತಿದ್ದ. ಕೈಯಲ್ಲಿ ಕೋಲು, ಹೆಗಲ ಮೇಲೆ ಕಂಬಳಿ, ಹಗ್ಗದಿಂದ ಬಿಗಿದು ರಿಪೇರಿ ಮಾಡಿದ ಚಪ್ಪಲಿ. ಸಾಕಷ್ಟು ದೂರದಿಂದಲೇ ವೇಗ ಇಳಿಸಿ, ರೂಢಿಯಂತೆ ರಬ್ಬರ್ ಹಾರ್ನನ್ನು ಒಂದು ಸಲ ಒತ್ತಿದೆ. ಆತ ಬದಿಗೆ ಸರಿಯಲಿಲ್ಲ. ನಿಂತ, ನಿಧಾನವಾಗಿ ತಿರುಗಿದ. ಕೋಲನ್ನು ನೆಲಕ್ಕಿಟ್ಟು, ಸೊಂಟ ಹಿಡಿದುಕೊಂಡು ರಸ್ತೆಯ ನಟ್ಟನಡುವೆ ಬಗ್ಗಿ ಚಪ್ಪಲಿ ಬಿಚ್ಚತೊಡಗಿದ.

ನಾನು ಬ್ರೇಕ್ ಒತ್ತಿ ಕಾರು ನಿಲ್ಲಿಸಿದೆ. ಬಿಚ್ಚಿದ ಚಪ್ಪಲಿಗಳನ್ನು ಕಂಕುಳಲ್ಲಿಟ್ಟುಕೊಂಡು ಆತ ಎರಡೂ ಕೈ ಮುಗಿದು ನಿಂತ.

"ಕಿವಿ ಕೇಳಿಸೋದಿಲ್ಲ ಅಂತ ಕಾಣುತ್ತೆ, ಇನ್ನೊಂದು ಸಲ ಹಾರ್ನ್ ಮಾಡು" ಅಂದರು ಯಜಮಾನರು.

ಮಾಡಿದೆ. ಅಜ್ಜ ಬೆಚ್ಚಿಬಿದ್ದು ತಲೆಯ ರುಮಾಲನ್ನೂ ತೆಗೆದ. ಒಂದು ಹೆಜ್ಜೆ ಹಿಂದೆ ಸರಿದ, ಕೆರೆಯ ಕಡೆಗೆ. ಕೋಲು ರಸ್ತೆಯ ಮೇಲೆಯೇ ಉಳಿಯಿತು. ಆಗ ನನಗೆ ಅರ್ಥವಾಯಿತು: ಕಿವಿ ಚೆನ್ನಾಗಿಯೇ ಕೇಳಿಸುತ್ತಿದೆ. ನಾನು 'ದಾರಿ ಬಿಡಿ' ಎಂದುಕೊಂಡು ಒತ್ತಿದ ಹಾರ್ನು ಆತನಿಗೆ ದೊರೆಯ ಗದರಿಕೆಯಾಗಿ ಕೇಳಿಸುತ್ತಿದೆ.

ಅಷ್ಟರಲ್ಲಿ ಹಿಂದಿನಿಂದ ಇದ್ದಿಲು ಗ್ಯಾಸಿನ ಬಸ್ಸು ಬಂತು. ಪೆಟ್ರೋಲಿಗೆ ಕೊರತೆಯಿದ್ದ ಆ ದಿನಗಳಲ್ಲಿ ಬಸ್ಸುಗಳ ಹಿಂದೆ ಉಕ್ಕಿನ ಒಲೆ ಕಟ್ಟಿ, ಇದ್ದಿಲು ಉರಿಸಿ, ಆ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಒಮ್ಮೆ ನಿಂತರೆ ಮತ್ತೆ ಹೊರಡಿಸುವುದು ಕಷ್ಟ. ಅದಕ್ಕೇ ಡ್ರೈವರ್ ದೂರದಿಂದಲೇ ಬಿಡದೆ ಹಾರ್ನ್ ಹಾಕುತ್ತ ಬಂದ. ಪ್ರತಿ ಹಾರ್ನಿಗೂ ಅಜ್ಜ ಇನ್ನಷ್ಟು ಬಗ್ಗಿ ಹಿಂದಕ್ಕೆ ಸರಿಯುತ್ತಿದ್ದ. ಬೆನ್ನ ಹಿಂದೆ ಕಟ್ಟಣೆಯ ಅಂಚು. ಅಲ್ಲಿಂದ ಬಿದ್ದರೆ ಕಲ್ಲು, ಅದರ ಕೆಳಗೆ ನೀರು.

"ನೀವು ಹೋಗಿ ಆ ಹಾರ್ನು ನಿಲ್ಲಿಸಿ" ಎಂದು ಯಜಮಾನರಿಗೆ ಹೇಳಿ, ಹ್ಯಾಂಡ್‌ಬ್ರೇಕ್ ಎಳೆದು ಇಳಿದೆ. ಹಿಂದಿನಿಂದ ಬಸ್ಸಿನವರ ಮಾತು ಕೇಳಿಸುತ್ತಿತ್ತು.

"ಯಾಕ್ರೀ ಸಾರ್, ಗಾಡಿ ಕೆಟ್ಟತೇನ್ರಿ? ತಳ್ಳಾಕ ಬರಬೇಕೇನು?"

"ಹೆಣ್ಮಕ್ಕಳ ಕೈಯಾಗ ಮೋಟಾರು ಕೊಟ್ರ ಇಷ್ಟ ನೋಡಪ್ಪ" ಎಂದು ಯಾರೋ ನಕ್ಕರು.

ಓಡಿದರೆ ಆತ ಇನ್ನೂ ಹಿಂದೆ ಸರಿದಾನು. ನನ್ನ ಕಾಲಲ್ಲಿ ಪಟ್ಟಿ ಕಟ್ಟುವ ಕಪ್ಪು ಬೂಟುಗಳಿದ್ದವು. ಅವನ್ನು ಅಲ್ಲೇ ಕಳಚಿ, ಕಾರಿನ ಪಕ್ಕದಲ್ಲಿಟ್ಟು, ಬರಿಗಾಲಲ್ಲಿ ಮೆಲ್ಲಗೆ ನಡೆದೆ. ಆತನ ಕಣ್ಣು ನನ್ನ ಪಾದಗಳ ಮೇಲೆಯೇ ಇತ್ತು. ಒಂದು ಕಣ್ಣಿಗೆ ಪೊರೆ ಬಂದಿತ್ತು. ಆತನ ಹಿಮ್ಮಡಿಯ ಕೆಳಗಿನ ಕಲ್ಲೊಂದು ಆಗಲೇ ಸಡಿಲಾಗಿ ಕೆಳಗೆ ಉರುಳಿತು.

"ಅಜ್ಜಾ, ಅಲ್ಲೇ ನಿಂತ್ಕೊ. ನಾನು ದೊರೆ ಅಲ್ಲ, ಡಾಕ್ಟರ ಮನೆಯಾಕಿ" ಅಂದೆ.

"ತಪ್ಪಾತ್ರೀ ತಾಯಿ. ಕಾಲಾಗ ಕೆರ ಹಾಕ್ಕೊಂಡೇ ದಾರಿಗೆ ಅಡ್ಡ ಬಂದೆ. ಬಿಚ್ಚೀನ್ರಿ. ನೋಡ್ರಿ, ಬಿಚ್ಚೀನಿ."

ಅವನ ಮಣಿಕಟ್ಟು ಹಿಡಿದುಕೊಂಡೆ. ಕೈ ಒಣಗಿದ ಕಡ್ಡಿಯಂತಿತ್ತು. ಆತನ ಒಂದು ಕಾಲು ಜಾರಿ ಭಾರವೆಲ್ಲ ನನ್ನ ಮೇಲೆ ಬಂತು. ನಾನೂ ನೆಲಕ್ಕೆ ಕುಸಿದು, ಮಂಡಿಯೂರಿ ಅವನನ್ನು ಒಳಕ್ಕೆ ಎಳೆದುಕೊಂಡೆ. ಆತನ ಮೊಣಕೈ ತರಚಿ ರಕ್ತ ಬಂದರೂ ಕಂಕುಳಲ್ಲಿದ್ದ ಚಪ್ಪಲಿ ಬಿಟ್ಟಿರಲಿಲ್ಲ.

"ಹಾಕ್ಕೊ ಅಜ್ಜಾ, ಕಲ್ಲು ಚುಚ್ಚತಾವ."

"ಬ್ಯಾಡ್ರಿ. ನಮ್ಮಪ್ಪ ಹಿಂಗ ಕೆರ ಹಾಕ್ಕೊಂಡು ನಿಂತಾಗ ಅಮಲ್ದಾರರ ಕುದುರಿ ಬಂತು. ಜವಾನ ಚಾವಟಿ ತಗೊಂಡ. ನಾನು ಅಲ್ಲೇ ಪಕ್ಕದಾಗ ನಿಂತಿದ್ದೆ, ಸಣ್ಣಾವ." ನನ್ನ ಬರಿಗಾಲು ನೋಡುತ್ತ, "ಈಗ ನನಗೇನು ಶಿಕ್ಷೆ ಐತ್ರಿ?" ಎಂದ.

ಆತನನ್ನು ಮೇಲಕ್ಕೆಬ್ಬಿಸಿದೆ. ಕಾರಿನಲ್ಲಿ ಕೂರಿಸಿಕೊಂಡು ಹೋಗೋಣವೆಂದರೆ ಆತ ಬಾಗಿಲಿನ ಹತ್ತಿರಕ್ಕೂ ಬರಲೊಲ್ಲ. ಕೊನೆಗೆ ಕೋಲನ್ನು ಎತ್ತಿಕೊಟ್ಟು, ಇನ್ನೊಂದು ಕೈ ನಾನು ಹಿಡಿದು, ಇಬ್ಬರೂ ಬರಿಗಾಲಲ್ಲಿ ತೂಬಿನವರೆಗೆ ನಡೆದೆವು. ಕಾರು ಅಲ್ಲೇ ನಿಂತಿತ್ತು, ಅದರ ಹಿಂದೆ ಬಸ್ಸು. ಯಾರೂ ಹಾರ್ನ್ ಹಾಕಲಿಲ್ಲ. ನಕ್ಕವರೂ ಕಿಟಕಿಯಿಂದ ತಲೆ ಹೊರಹಾಕಿ ಸುಮ್ಮನೆ ನೋಡುತ್ತಿದ್ದರು.

ಅರ್ಧ ದಾರಿಯಲ್ಲಿ ಆತ ಕೇಳಿದ: "ಖರೇನ ನೀನ ನಡಸ್ತೀಯೇನವ್ವ ಆ ಮೋಟಾರು?"

"ಹೌದಜ್ಜ."

"ನಿನ್ನ ಗಂಡ ಹೆಂಗ ಕುಂದರ್ತಾನಬೇ ಅದರಾಗ, ಧೈರ್ಯಲೇ!"

'ತಾಯಿ, ರೀ' ಹೋಗಿ 'ಅವ್ವ, ಬೇ' ಬಂದಿದ್ದವು. ತೂಬಿನ ಕಟ್ಟೆಯ ಮೇಲೆ ಕೂರಿಸಿದೆ. ಯಜಮಾನರು ಪೆಟ್ಟಿಗೆ ತಂದು ಮೊಣಕೈಗೆ ಅಯೋಡಿನ್ ಹಚ್ಚಿ ಪಟ್ಟಿ ಕಟ್ಟಿದರು. ನಾನು ಹಿಂದಿರುಗಿ ಬೂಟು ಹಾಕಿಕೊಂಡು ಕಾರನ್ನು ತೂಬಿನವರೆಗೆ ತಂದೆ. ಯಜಮಾನರು ಹತ್ತಿದರು. ಅಜ್ಜನನ್ನು ದಾಟುವಾಗ ಎಂಜಿನ್ನಿನ ಸದ್ದು ಏಳದಂತೆ ಮೊದಲ ಗೇರಿನಲ್ಲೇ ಹೋದೆ. ಆದರೂ ಆತ ಕೂತಲ್ಲಿಂದ ಏಳಲು ನೋಡಿದ.

ಅಂದಿನಿಂದ ನನ್ನ ಕೆಲಸದ ಕ್ರಮ ಬದಲಾಯಿತು. ರಸ್ತೆಯಲ್ಲಿ ವಯಸ್ಸಾದವರು ಕಂಡರೆ ಮೊದಲು ಹಾರ್ನಿನಿಂದ ಕೈ ತೆಗೆಯುತ್ತಿದ್ದೆ, ಆಮೇಲೆ ಆಕ್ಸಿಲರೇಟರಿನಿಂದ ಕಾಲು. ದೂರದಲ್ಲೇ ನಿಲ್ಲಿಸಿ, ಅವರು ಏನು ಮಾಡುತ್ತಾರೆಂದು ಕಾಯುತ್ತಿದ್ದೆ. ತಿರುಗಲು, ಬಗ್ಗಲು, ಯಾವ ಕಡೆ ಸರಿಯಬೇಕೆಂದು ತೀರ್ಮಾನಿಸಲು ಅವರಿಗೆ ಹೊತ್ತು ಬೇಕು. ಅವರು ಒಂದು ಬದಿಗೆ ನಿಂತರೂ ಮತ್ತೆ ಈಚೆಗೆ ದಾಟಬಹುದು. ಅಗತ್ಯವಿದ್ದರೆ ಇಳಿದು ಮಾತಾಡಿಸುತ್ತಿದ್ದೆ. ಮುಂದೆ ಮಡಕಶಿರಾಕ್ಕೆ ವರ್ಗವಾದಾಗ ಅಗಳಿ, ರೊಳ್ಳದ ರಸ್ತೆಗಳಲ್ಲೂ ಇದನ್ನೇ ಪಾಲಿಸಿದೆ. ಎಷ್ಟೋ ಸಲ ತಡವಾಗಿದೆ, ಯಜಮಾನರು ಗೊಣಗಿದ್ದಾರೆ. ನಡೆಯುವವರಿಗೆ ನಮ್ಮ ಗಾಡಿ ಹೇಗೆ ಕಾಣುತ್ತದೆ ಎಂಬುದು ಡ್ರೈವರಿನ ಸೀಟಿನಲ್ಲಿ ಕೂತವರಿಗೆ ತಿಳಿಯುವುದಿಲ್ಲ; ಅದನ್ನು ತಿಳಿಯಲು ಇಳಿಯಲೇಬೇಕು. ಆ ಉದ್ಯೋಗ ನನಗೆ ಕಲಿಸಿದ್ದು ಇಷ್ಟು.

ಕಣೇಕಲ್ಲಿನಿಂದ ಹಿಂದಿರುಗಿದ ಆ ಸಂಜೆ ಮನೆಯ ಮುಂದೆ ಕಾರು ತೊಳೆಯುತ್ತಿದ್ದೆ. ಎದುರುಮನೆಯ ಶಾಂತಮ್ಮ ಮೊರದಲ್ಲಿ ಅಕ್ಕಿ ಹಿಡಿದು ಕಲ್ಲು ಆರಿಸುತ್ತ ಜಗಲಿಯ ಮೇಲೆ ಕೂತಿದ್ದರು. ಬಸ್ಸಿನಲ್ಲಿ ಬಂದವರಿಂದ ಸುದ್ದಿ ಆಗಲೇ ಊರಿಗೆ ತಲುಪಿತ್ತು. ನಡೆದದ್ದನ್ನು ನಾನು ಪೂರ್ತಿ ಹೇಳಿದೆ. ಹೇಳುತ್ತ ಹೇಳುತ್ತ ಒಂದೇ ಚಕ್ರವನ್ನು ಮೂರು ಸಲ ತೊಳೆದೆ.

ಶಾಂತಮ್ಮ ಮೊರದಿಂದ ತಲೆ ಎತ್ತಲಿಲ್ಲ.

"ಅದಕ್ಯಾಕ ಅಷ್ಟು ಸಂಕಟ ಪಡ್ತೀರಿ, ಡಾಕ್ಟ್ರಮ್ಮಾರೆ? ದಿನಾ ಮುಂಜಾನೆ ನಿಮ್ಮ ಕಾರು ಹೊಂಟಾಗ ನಮ್ಮ ಮಾವನೋರೂ ಚಪ್ಪಲಿ ಬಿಚ್ಚೇ ನಿಲ್ತಾರಲ್ರಿ, ಇಲ್ಲೇ, ಈ ಕಂಬದ ಹತ್ರ. ನೀವು ಮುಂದ ನೋಡ್ಕೊಂತ ಹೋಗಿರ್ತೀರಿ, ನಿಮಗೆಲ್ಲಿ ಕಾಣಬೇಕು."