ಅಳೆದ ಮೇಲೆ ಇನ್ನೊಮ್ಮೆ

ಸದ್ದು ಅಳೆಯುವ ಮೀಟರನ್ನು ಅವರು ಸತ್ತ ಇಲಿಯನ್ನು ಹಿಡಿದಂತೆ, ತೋಳು ಪೂರ್ತಿ ಚಾಚಿ ಹಿಡಿಯುತ್ತಿದ್ದರು. ತಮ್ಮ ಮೈಗೆ ತಾಗಿ ಮರಳುವ ಸದ್ದು ಅಳತೆಯಲ್ಲಿ ಸೇರಬಾರದೆಂದು. ತೋಳು ನಡುಗತೊಡಗಿದರೂ ಇಳಿಸುತ್ತಿರಲಿಲ್ಲ. ಕಿವಿಯ ಹಿಂದಿನಿಂದ ಬೆವರು ಕಾಲರಿಗೆ ಇಳಿಯುತ್ತಿತ್ತು.

ಎಂಬತ್ತರ ದಶಕದ ನಡುವಿನಲ್ಲಿ ನಾನು ಎಂ.ಎಸ್ಸಿ. ಮುಗಿಸಿ ಪುತ್ತೂರಿನ ಕಾಲೇಜೊಂದಕ್ಕೆ ಸೇರಿದಾಗ ಅವರು ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರು. ಸುತ್ತಮುತ್ತ ಅಂಥ ಮೀಟರು ಇದ್ದದ್ದು ನಮ್ಮಲ್ಲಿ ಮಾತ್ರ. ಹಾಗಾಗಿ ಗಿರಣಿಯ ಸದ್ದು, ಮರದ ಮಿಲ್ಲಿನ ಸದ್ದು ಎಂದು ಸುಳ್ಯ, ಕಡಬದಿಂದಲೂ ಜನ ಅವರನ್ನು ಕರೆಯುತ್ತಿದ್ದರು. ನಮ್ಮ ಭಾನುವಾರಗಳು ಬಸ್ಸಿನಲ್ಲೇ ಕಳೆದವು. ಹೋದಲ್ಲೆಲ್ಲ ಯಾರಾದರೊಬ್ಬರು ಮೈಕೆಂದು ತಿಳಿದು ಅದಕ್ಕೆ "ಹಲೋ, ಹಲೋ" ಅನ್ನುವವರು. "ಇದಕ್ಕೆ ಕೇಳುದು ಮಾತ್ರ, ಹೇಳ್ಲಿಕ್ಕೆ ಬರುದಿಲ್ಲ ಮಾರಾಯ್ರೆ" ಎನ್ನುತ್ತಿದ್ದರು ಅವರು, ನಗದೆ.

ಅಳೆಯುವ ಮೊದಲೊಮ್ಮೆ, ಅಳೆದ ಮೇಲೊಮ್ಮೆ ಮೀಟರನ್ನು ತಾಳೆ ನೋಡುವುದು ಅವರ ಪದ್ಧತಿ. ಒಂದೇ ಮಟ್ಟದ ಸ್ವರ ಹೊರಡಿಸುವ ಪುಟ್ಟ ಡಬ್ಬಿಯನ್ನು ಅದರ ಬಾಯಿಗೆ ತೊಡಿಸಿದರೆ ಮುಳ್ಳು ತೊಂಬತ್ತನಾಲ್ಕು ಡೆಸಿಬಲ್ಲಿಗೆ ನಿಲ್ಲಬೇಕು. ಮೊದಲು ನಿಲ್ಲದಿದ್ದರೆ ಸ್ಕ್ರೂ ತಿರುಗಿಸಿ ನಿಲ್ಲಿಸಬಹುದು. ಕೊನೆಗೆ ನಿಲ್ಲದಿದ್ದರೆ ಅಂದಿನ ಕೆಲಸವನ್ನೇ ಬಿಟ್ಟುಬಿಡಬೇಕು.

ನರಿಮೊಗರಿನ ಆಚೆ ಒಂದು ಶಾಲೆಯ ಪಕ್ಕ ಜಲ್ಲಿ ಕ್ರಷರು ಬಂದಿತ್ತು. ಅದರ ಗದ್ದಲ ಮೀರಿಸಲು ಕೂಗಿ ಕೂಗಿ ಅಲ್ಲಿಯ ಮುಖ್ಯೋಪಾಧ್ಯಾಯಿನಿಯ ದನಿ ಒಡೆದುಹೋಗಿತ್ತು. ಮಾತು ನಿಲ್ಲಿಸಿ ಎಂದಿದ್ದರಂತೆ ವೈದ್ಯರು. ನಿಲ್ಲಿಸಿದರೆ ಕೆಲಸ ಬಿಟ್ಟಂತೆಯೇ. ತಾಲೂಕು ಕಚೇರಿಯ ವಿಚಾರಣೆಗೆ ನಮ್ಮ ಅಳತೆಯೊಂದೇ ಆಧಾರ.

ಬೆಳಗಿನಿಂದ ಅಳೆದೆವು. ತರಗತಿಯೊಳಗೂ ಮುಳ್ಳು ಮೇಲೆಯೇ ಇತ್ತು. ಟೀಚರ ಮುಖ ಸ್ವಲ್ಪ ಗೆಲುವಾಯಿತು. ಕೊನೆಗೆ ಡಬ್ಬಿ ತೊಡಿಸಿದರೆ ಮುಳ್ಳು ತೊಂಬತ್ತಾರು ದಾಟಿತು. ತೇವಕ್ಕೋ ಏನೋ, ನಡುವೆ ಎಲ್ಲೋ ಮೀಟರು ತಪ್ಪಿತ್ತು.

"ಇದು ಆಗುದಿಲ್ಲ ಟೀಚರ್. ಇನ್ನೊಮ್ಮೆ ಬರ್ತೇವೆ."

"ಎರಡು ಹೆಚ್ಚು ತೋರ್ಸಿದ್ರೆ ಎಂತ ಸರ್? ಕಿವಿ ಇದ್ದವರಿಗೆಲ್ಲ ಗೊತ್ತುಂಟು." ಆಕೆಯ ಬಾಯಿಂದ ದನಿಗಿಂತ ಗಾಳಿಯೇ ಹೆಚ್ಚು ಹೊರಟಿತು. "ನೀವು ಯಾರ ಕಡೆ?"

"ನಿಮ್ಮ ಕಡೆಯೇ. ಅದಕ್ಕೇ ಬೇಡ ಅನ್ನುದು."

ಬಸ್ಸಿನಲ್ಲಿ ಅವರು ಅಂದಿನ ಅಂಕಿಗಳ ಮೇಲೆ ಗೀಟೆಳೆದರು.

ಮುಂದಿನ ಸಲ ಹೋದಾಗ ಕ್ರಷರು ನಿಂತಿತ್ತು. "ಬೆಲ್ಟ್ ತುಂಡಾಗಿದೆ ಸರ್," ಎಂದ ಅಲ್ಲಿಯ ಮೇಸ್ತ್ರಿ, ಬೇರೆಲ್ಲೋ ನೋಡುತ್ತ. "ನಾವು ಬರುವಾಗ ಸರಿಯಾಗಿ ತುಂಡಾಗುದಾ?" ಎಂದು ಕೇಳಿ ಅವರು ಹಿಂದಿರುಗಿದರು.

ಆಮೇಲೆ ಯಾರಿಗೂ ತಿಳಿಸದೆ ಹೋದೆವು. ಏರು ಹತ್ತುವಾಗ ಅವರು ಅಲ್ಲಲ್ಲಿ ಕುಳಿತರು. "ಮೀಟರಿನ ಪೆಟ್ಟಿಗೆ ಕೊಡಿ ಸರ್" ಎಂದೆ. ಕೊಟ್ಟರು, ಹಿಂದೆಂದೂ ಕೊಟ್ಟಿರಲಿಲ್ಲ. ಅಂದು ಮುಳ್ಳು ಮೊದಲೂ ಕೊನೆಗೂ ತೊಂಬತ್ತನಾಲ್ಕಕ್ಕೇ ನಿಂತಿತು.

ವಿಚಾರಣೆಯಲ್ಲಿ ಎದುರಿನ ವಕೀಲರು ಕೇಳಿದ್ದು ಒಂದೇ: ಅಳೆದು ಮುಗಿಯುವವರೆಗೂ ಮೀಟರು ಸರಿ ಇತ್ತೆಂದು ಹೇಗೆ ಹೇಳುತ್ತೀರಿ? ಕುರ್ಚಿ ಹಿಡಿದು ನಿಂತು, ಅಳೆದ ಮೇಲೂ ಮುಳ್ಳು ತೊಂಬತ್ತನಾಲ್ಕಕ್ಕೇ ನಿಂತದ್ದನ್ನು ಅವರು ಹೇಳಿದರು. ಶಾಲೆಯ ಹೊತ್ತಿನಲ್ಲಿ ಕ್ರಷರು ನಡೆಸಬಾರದೆಂದು ಆದೇಶವಾಯಿತು.

ಆ ಮಳೆಗಾಲ ಮುಗಿಯುವ ಮೊದಲೇ ಅವರ ಹೃದಯ ನಿಂತಿತು. ಸುದ್ದಿ ಕೇಳಿ ಬಂದ ಟೀಚರು ಅವರ ಮನೆಯ ಜಗಲಿಯಲ್ಲಿ ನನ್ನ ಪಕ್ಕ ಕುಳಿತು ಏನೋ ಹೇಳಿದರು. ಕೇಳಿಸಲಿಲ್ಲ. ಕಿವಿಯನ್ನು ಹತ್ತಿರ ಒಯ್ದೆ.

"ಈಗ ಪಾಠ ಮಾಡುದು ಇದೇ ದನಿಯಲ್ಲಿ," ಎಂದರು. "ಹಿಂದಿನ ಬೆಂಚಿನವರಿಗೂ ಕೇಳ್ತದೆ."