ಹೂಂ ಅನ್ನುವವರು ಒಬ್ಬರಿರಬೇಕು

ಅತ್ತಿಗೆಯ ಕಾಲುಚೀಲಗಳೆಲ್ಲ ಒಂದೇ ಜಾಗದಲ್ಲಿ ತೂತು ಬೀಳುತ್ತಿದ್ದವು. ಹೆಬ್ಬೆರಳಿನ ಪಕ್ಕದ ಬೆರಳಿನ ಮೇಲೆ, ಕಾಲುಂಗುರ ಉಜ್ಜುವ ಕಡೆ. ಕಾಲುಂಗುರ ತೊಟ್ಟು ಬೂಟು ಹಾಕುವ ಎಲ್ಲ ಹೆಂಗಸರಿಗೂ ಹೀಗಾಗುವುದಿಲ್ಲ. ಅತ್ತಿಗೆಗೆ ಮಾತಾಡುವಾಗ ಕಾಲ್ಬೆರಳು ಆಡಿಸುವ ಅಭ್ಯಾಸವಿತ್ತು. ಮಾತು ಜಾಸ್ತಿ, ಆದ್ದರಿಂದ ತೂತೂ ಜಾಸ್ತಿ. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ಅವರ ಅಪಾರ್ಟ್‌ಮೆಂಟಿನಲ್ಲಿ ಸೋಫಾದ ಮೇಲೆ ಯಾವಾಗಲೂ ಒಂದು ಜೊತೆ ಕಾಲುಚೀಲ, ಅದರಲ್ಲಿ ಸಿಕ್ಕಿಸಿದ ಸೂಜಿ ಬಿದ್ದಿರುತ್ತಿತ್ತು.

ನಾನು ಆ ಮನೆಗೆ ಬಂದದ್ದು ಭಾರತೀಯರಿಗಾಗಿ ಹೊರಡುತ್ತಿದ್ದ ಒಂದು ಸಣ್ಣ ವಾರಪತ್ರಿಕೆಯಲ್ಲಿ ಕೆಲಸ ಸಿಕ್ಕಿದ ಮೇಲೆ. ಅಣ್ಣ ಇಂಟರ್ನೆಟ್ಟಿನಲ್ಲಿ ಮನೆಸಾಮಾನು ಮಾರುವ ಒಂದು ಹೊಸ ಕಂಪನಿಯಲ್ಲಿದ್ದ. ಆಗ ಎಲ್ಲರೂ ಅಂಥ ಕಂಪನಿಗಳಲ್ಲೇ ಇದ್ದರು. ಅತ್ತಿಗೆ ಮನೆಯ ಹತ್ತಿರದ ಡೇಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಅವರಿಗೆ ಶಾಲೆಯ ಟೀಚರ್ ಆಗಬೇಕೆಂದಿತ್ತು. ಅದಕ್ಕೆ ಪದವಿ ಬೇಕು. ಮಂಡ್ಯದಲ್ಲಿ ಬಿ.ಎ. ಓದುತ್ತಿದ್ದವರನ್ನು ಮಧ್ಯದಲ್ಲೇ ಬಿಡಿಸಿ ನಮ್ಮ ಮನೆಗೆ ಮದುವೆ ಮಾಡಿಕೊಟ್ಟಿದ್ದರು. ಈಗ ಗುಡ್ಡದ ಮೇಲಿನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ, ಕೆಲಸ ಮುಗಿಸಿ ಹೋಗಿ, ಒಂದೊಂದೇ ವಿಷಯ ಓದಿ ಮುಗಿಸುತ್ತಿದ್ದರು.

ಅಲ್ಲಿ ಮುಖ್ಯ ವಿಷಯವನ್ನು ಓದಿದರಷ್ಟೇ ಪದವಿ ಬರುವುದಿಲ್ಲ. ಇಂಜಿನಿಯರ್ ಆಗುವವನೂ ಸಂಗೀತವನ್ನೋ ಚಿತ್ರಕಲೆಯನ್ನೋ ಓದಬೇಕು, ಕವಿಯಾಗುವವನೂ ಲ್ಯಾಬಿನಲ್ಲಿ ನಿಲ್ಲಬೇಕು. ಇದಕ್ಕೆ ಸಾಮಾನ್ಯ ಶಿಕ್ಷಣ ಎಂದು ಹೆಸರು. ಮಕ್ಕಳ ಬೆಳವಣಿಗೆಯ ಬಗ್ಗೆ ಓದಬೇಕಾದದ್ದನ್ನು ಅತ್ತಿಗೆ ಲೀಲಾಜಾಲವಾಗಿ ಮುಗಿಸಿದ್ದರು. ಗೊಣಗಾಟವೆಲ್ಲ ಈ ಸಾಮಾನ್ಯ ಶಿಕ್ಷಣದ ಮೇಲೆ.

"ಅಲ್ಲ ಕಣೆ, ಮಕ್ಳಿಗೆ ಅ ಆ ಹೇಳ್ಕೊಡೋಕೆ ಬಂಡೆಕಲ್ಲು ಯಾಕೆ ಓದ್ಬೇಕು ನಾನು?" ಎಂದು ಭೂವಿಜ್ಞಾನ ತೆಗೆದುಕೊಂಡ ವರ್ಷವಿಡೀ ನನ್ನನ್ನು ಕೇಳಿದರು. ಆದರೆ ಅದು ಮುಗಿದ ಮೇಲೆ, ಲಿವರ್‌ಮೋರಿನ ದೇವಸ್ಥಾನಕ್ಕೆ ಹೋಗುವಾಗಲೆಲ್ಲ ಫ್ರೀವೇ ಪಕ್ಕದಲ್ಲಿ ಗುಡ್ಡ ಕಡಿದ ಕಡೆ ಕಿಟಕಿಗೆ ಬೆರಳು ತಾಗಿಸಿ ತೋರಿಸುತ್ತಿದ್ದರು. ನಮ್ಮ ಅಮ್ಮ ಆಗ ಊರಿನಿಂದ ಬಂದು ಅಲ್ಲೇ ಇದ್ದರು.

"ನೋಡಿ ಅತ್ತೆ, ಆ ಗುಡ್ಡ ಮೊದ್ಲು ಸಮುದ್ರದ ಅಡಿ ಇತ್ತು."

"ಇದ್ರೆ ಇರ್ಲಿ ಬಿಡು. ನಾವು ವಾಪಸ್ ಬರೋ ತನಕ ಎಲ್ಲಿದೆಯೋ ಅಲ್ಲೇ ಇರ್ಲಿ," ಎಂದರು ಅಮ್ಮ.

ಅತ್ತಿಗೆ ಎಲ್ಲವನ್ನೂ ಮುಗಿಸಿ ಕೊನೆಗೆ ಉಳಿಸಿಕೊಂಡದ್ದು ಭಾಷಣ. ಜನರೆದುರು ನಿಂತು ಮಾತಾಡುವುದೂ ಆ ಸಾಮಾನ್ಯ ಶಿಕ್ಷಣದ ಒಂದು ಭಾಗ, ಅದಿಲ್ಲದೆ ಪದವಿಯಿಲ್ಲ. ಇಡೀ ಅಪಾರ್ಟ್‌ಮೆಂಟಿಗೆ ಕೇಳುವಂತೆ ಮಾತಾಡುವ ಅತ್ತಿಗೆಗೆ ಇದು ಎಲ್ಲಕ್ಕಿಂತ ಸುಲಭ ಎಂದು ನಾವು ಅಂದುಕೊಂಡಿದ್ದೆವು. ಮೊದಲ ಸಲ ತರಗತಿಯಲ್ಲಿ ಎದ್ದು ನಿಂತವರು ಎರಡು ವಾಕ್ಯ ಹೇಳಿ, ಮುಂದೆ ಮಾತು ಬರದೆ ನಿಂತುಬಿಟ್ಟರು. ಮತ್ತೊಂದು ದಿನವೂ ಹಾಗೆಯೇ ಆಯಿತು. ಆ ವಿಷಯವನ್ನು ಕೈಬಿಟ್ಟು ಮನೆಗೆ ಬಂದು, ಬೂಟು ಬಿಚ್ಚುತ್ತಾ ನನಗೆ ಹೇಳಿದರು: "ಯಾರೂ ಏನೂ ಅನ್ನಲ್ಲ ಕಣೆ. ಗೋಡೆ ಥರ ಕೂತಿರ್ತಾರೆ. ನಾನು ಹೇಳಿದ್ದು ಅವ್ರಿಗೆ ಹೋಯ್ತೋ ಇಲ್ವೋ ಹೆಂಗೆ ಗೊತ್ತಾಗ್ಬೇಕು?"

ಮುಂದಿನ ಅವಧಿಗೆ ಅದೇ ವಿಷಯವನ್ನು ಬೇರೆ ರೀತಿಯಲ್ಲಿ ತೆಗೆದುಕೊಂಡರು. ಕೆಲಸಕ್ಕೆ ಹೋಗುವವರಿಗೆಂದು ಟೀವಿಯಲ್ಲಿ ಪಾಠ ಬರುತ್ತಿತ್ತು. ಮನೆಯಲ್ಲೇ ಕೆಲವು ವಯಸ್ಕರನ್ನು ಕೂರಿಸಿ, ಅವರೆದುರು ಭಾಷಣ ಮಾಡಿ, ವಿಡಿಯೋ ಟೇಪನ್ನು ಕಳಿಸಬೇಕು. ಟೇಪಿನಲ್ಲಿ ಕೇಳುವವರೂ ಕಾಣಬೇಕು, ಎಲ್ಲಿಯೂ ಕತ್ತರಿಸಿರಬಾರದು. ಆದರೆ ಕಡೆಯ ಭಾಷಣವನ್ನು ಮಾತ್ರ ವಿಶ್ವವಿದ್ಯಾಲಯಕ್ಕೇ ಹೋಗಿ ಉಳಿದ ವಿದ್ಯಾರ್ಥಿಗಳೆದುರು ಮಾಡಬೇಕು.

ಆ ಅವಧಿ ಶುರುವಾದ ಸ್ವಲ್ಪ ದಿನಕ್ಕೆ ಇಂಟರ್ನೆಟ್ ಕಂಪನಿಗಳು ಒಂದೊಂದಾಗಿ ಮುಚ್ಚತೊಡಗಿದವು, ಅಣ್ಣನದೂ ಮುಚ್ಚಿತು. ಅವನಿಗೆ ಡಲ್ಲಾಸಿನಲ್ಲಿ ಬೇರೆ ಕೆಲಸ ಸಿಕ್ಕಿತು. ಅಷ್ಟಾದದ್ದೇ ಆ ದಿನಗಳಲ್ಲಿ ದೊಡ್ಡದು. ಆ ಕಂಪನಿಯವರು ತಕ್ಷಣ ಬರಬೇಕೆಂದರು.

"ಡಲ್ಲಾಸಲ್ಲೂ ಯೂನಿವರ್ಸಿಟಿ ಇದೆ," ಎಂದ ಅಣ್ಣ, ಊಟಕ್ಕೆ ಕೂತಾಗ.

"ಇದೆ. ಅವ್ರ ಲೆಕ್ಕ ಬೇರೆ. ಇಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಓದಿದೀನಿ. ಅಲ್ಲಿ ಹೋದ್ರೆ ಟೆಕ್ಸಾಸ್ ಸರ್ಕಾರ ಓದು ಅಂತಾರೆ. ಮಂಡ್ಯದಲ್ಲಿ ಓದಿದ್ರಲ್ಲಿ ಅರ್ಧ ಇಲ್ಲಿ ಲೆಕ್ಕಕ್ಕೆ ಬರ್ದೆ ಹೋಯ್ತು. ಇಲ್ಲಿ ಓದಿದ್ರಲ್ಲಿ ಅರ್ಧ ಅಲ್ಲಿ ಹೋಗುತ್ತೆ. ನೀವು ಆಮೇಲೆ ಇನ್ನೆಲ್ಲಿಗೆ ಹೋಗ್ತೀರೋ."

"ಈಗೇನು, ನಾನೊಬ್ನೇ ಹೋಗ್ಲಾ?"

ಉತ್ತರ ಕೊಟ್ಟದ್ದು ಅಮ್ಮ. ಮೊಸರನ್ನ ಕಲಸುತ್ತಲೇ ಹೇಳಿದರು: "ಹೋಗು. ಅನ್ನ ಬೇಯಿಸಿ ಹಾಕೋಕೆ ನಾನು ಬರ್ತೀನಿ. ಅವಳು ಒಂದ್ಸಲ ನಿನ್ನ ಸಲುವಾಗಿ ಅರ್ಧಕ್ಕೆ ಬಿಟ್ಟಿದ್ದಾಳೆ. ಎರಡನೇ ಸಲ ಬೇಡ."

ಅವಧಿ ಮುಗಿಯುವವರೆಗೆ ಅತ್ತಿಗೆ ನನ್ನ ಜೊತೆ ಉಳಿಯುವುದು, ಪಾಸಾದರೂ ಆಗದಿದ್ದರೂ ಆಮೇಲೆ ಡಲ್ಲಾಸಿಗೆ ಹೋಗುವುದು ಎಂದು ತೀರ್ಮಾನವಾಯಿತು. ಎಂದರೆ ಇರುವುದು ಇದೊಂದೇ ಅವಕಾಶ.

ಅಣ್ಣ ಹೊರಡುವ ಮುಂಚಿನ ಭಾನುವಾರ ಟೇಪು ಮಾಡಿದೆವು. ಮೇಲಿನ ಮನೆಯ ಉಡುಪಿಯ ದಂಪತಿಯನ್ನೂ ಡೇಕೇರಿನ ಇಬ್ಬರನ್ನೂ ಕರೆದಿದ್ದರು. ಅಮ್ಮ ಮುಂದಿನ ಕುರ್ಚಿಯಲ್ಲಿ. ಕ್ಯಾಮೆರಾ ನನ್ನ ಕೈಯಲ್ಲಿ. ಅಣ್ಣ ಎಲ್ಲರಿಗೂ ಎಚ್ಚರಿಕೆ ಕೊಟ್ಟ: "ಕ್ಯಾಮೆರಾ ಆನ್ ಆದ್ಮೇಲೆ ಯಾರೂ ಒಂದು ಸೌಂಡೂ ಮಾಡ್ಬಾರ್ದು."

"ಉಸಿರು ಬಿಡ್ಲಿಕ್ಕೆ ಅಡ್ಡಿಯಿಲ್ಲ ಅಲ್ವಾ ಮಾರಾಯ್ರೆ?" ಎಂದರು ಉಡುಪಿಯವರು.

ವಿಷಯ, ಬೇರೆಯವರ ಮಗುವನ್ನು ಮಲಗಿಸುವುದು ಹೇಗೆ ಎಂಬುದು. ಅದು ಅತ್ತಿಗೆಯ ದಿನದ ಕೆಲಸ. ಇಂಗ್ಲಿಷಿನಲ್ಲಿ ಶುರು ಮಾಡಿದರು. ಅವರ ಇಂಗ್ಲಿಷಿನ ಧಾಟಿ ಮಂಡ್ಯದ್ದು, ವ್ಯಾಕರಣ ಸರಿಯಾದದ್ದು. ಮಗುವಿಗೆ ನಿಮ್ಮ ವಾಸನೆ ಹೊಸದು ಎಂದರು. ಅದಕ್ಕೇ ಅದು ಅಳುತ್ತದೆ ಎಂದರು. ಅಲ್ಲಿಗೆ ನಿಂತರು. ಕ್ಯಾಮೆರಾದಲ್ಲಿ ಅವರ ಮುಖದ ಬಣ್ಣ ಇಳಿಯುವುದು ನನಗೆ ಕಾಣುತ್ತಿತ್ತು.

ಅಮ್ಮನಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಹಾಗಿದ್ದೂ, ಕತೆ ಹೇಳುವವರು ನಿಂತರೆ ಏನು ಮಾಡಬೇಕೆಂದು ಗೊತ್ತಿತ್ತು. "ಹೂಂ," ಎಂದರು.

ಅತ್ತಿಗೆ ಮುಂದಿನ ವಾಕ್ಯ ಹೇಳಿದರು. ಅಮ್ಮ ಮತ್ತೆ "ಹೂಂ" ಎಂದರು. ಸುಮ್ಮನಿರು ಎಂದು ಅಣ್ಣ ಬಾಗಿಲ ಹತ್ತಿರದಿಂದ ಕೈ ಬೀಸಿದ. ಅಮ್ಮ ಅವನ ಕಡೆ ತಿರುಗಲಿಲ್ಲ. ಅತ್ತಿಗೆಯ ಬಲಗಾಲಿನ ಬೆರಳು ಕಾಲುಚೀಲದೊಳಗೆ ಆಡತೊಡಗಿತು. ಆಮೇಲೆ ಭಾಷಣ ಎಲ್ಲಿಯೂ ತಡೆಯಲಿಲ್ಲ.

ಮುಗಿದ ಮೇಲೆ ಅಣ್ಣ ಹೇಳಿದ: "ಅಮ್ಮನ ವಾಯ್ಸು ತೆಗೆದುಬಿಡ್ಬಹುದು. ನಮ್ಮ ಆಫೀಸಲ್ಲಿ ಆ ಕೆಲಸ ಬಲ್ಲೋರಿದ್ರು."

"ಆಫೀಸೇ ಇಲ್ವಲ್ಲ ಈಗ," ಎಂದರು ಅತ್ತಿಗೆ. ನಂತರ, ಅವನಿಗೆ ನೋವಾಯಿತೇನೋ ಎಂಬಂತೆ ದನಿ ತಗ್ಗಿಸಿ, "ಕತ್ತರಿಸ್ಬಾರ್ದು ಅಂತ ರೂಲಿದೆ. ಅದೂ ಅಲ್ದೆ ಅತ್ತೆ ಹೂಂ ತೆಗೆದ್ರೆ ನಾನು ಯಾರಿಗೆ ಹೇಳ್ದಂಗಾಯ್ತು?" ಎಂದರು.

ಟೇಪಿಗೆ ಪಾಸಾಗುವಷ್ಟು ಅಂಕ ಬಂತು. ಜೊತೆಗೆ ಪ್ರಾಧ್ಯಾಪಕರ ಒಂದು ಟಿಪ್ಪಣಿ: ವಿಷಯ ಚೆನ್ನಾಗಿದೆ, ಮುಂದಿನ ಸಾಲಿನ ಹಿರಿಯರು ಮೌನವಾಗಿದ್ದರೆ ಒಳ್ಳೆಯದು, ಕಡೆಯ ಭಾಷಣ ಅಪರಿಚಿತರ ಎದುರು ಎಂಬುದನ್ನು ನೆನಪಿಡಿ. ಆ ಭಾಷಣದಲ್ಲಿ ನಿಂತುಬಿಟ್ಟರೆ ಇಡೀ ವಿಷಯ ಹೋದಂತೆ.

ಅಮ್ಮ, ಅಣ್ಣ ಡಲ್ಲಾಸಿಗೆ ಹೋದರು. ನಾವಿಬ್ಬರೇ ಉಳಿದೆವು. ಅತ್ತಿಗೆ ಅಡುಗೆಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದರು. ನಾನು ಹೂಂ ಅನ್ನಲೇ ಎಂದು ಕೇಳಿದೆ. "ಬೇಡ ಕಣೆ. ಅಲ್ಲಿ ಇರೋದು ಗೋಡೆ ತಾನೆ. ಗೋಡೆಗೇ ಹೇಳ್ತೀನಿ," ಎಂದು ನಿಜವಾಗಿಯೂ ಸ್ಟವ್ ಹಿಂದಿನ ಗೋಡೆಗೆ ಹೇಳುತ್ತಿದ್ದರು. ಚೆನ್ನಾಗಿಯೇ ಹೇಳುತ್ತಿದ್ದರು. ಆ ಗೋಡೆಗೆ ಕಣ್ಣಿರಲಿಲ್ಲ.

ಪರೀಕ್ಷೆಯ ಸಂಜೆ ಅವರನ್ನು ಕಾರಿನಲ್ಲಿ ಗುಡ್ಡದ ಮೇಲಕ್ಕೆ ಕರೆದುಕೊಂಡು ಹೋದೆ. ಹೊರಗಿನವರು ಹಿಂದೆ ಕೂರಬಹುದು ಎಂದರು. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಹರೆಯದವರು, ತಮ್ಮ ಸರದಿಯ ಚಿಂತೆಯಲ್ಲಿದ್ದರು. ನಡುವಿನ ಸಾಲಿನಲ್ಲಿ ಒಬ್ಬ ದೊಡ್ಡ ವಯಸ್ಸಿನ ಕರಿಯ ಗೃಹಸ್ಥರು, ಬಸ್ಸು ಓಡಿಸುವವರ ಸಮವಸ್ತ್ರದಲ್ಲಿ, ಟೋಪಿಯನ್ನು ಮೊಣಕಾಲಿನ ಮೇಲಿಟ್ಟುಕೊಂಡು ಕೂತಿದ್ದರು.

ಅತ್ತಿಗೆಯ ವಿಷಯ, ಮಕ್ಕಳಿಗೆ ಪುಸ್ತಕ ಓದುವುದರ ಜೊತೆಗೆ ಪುಸ್ತಕವಿಲ್ಲದೆಯೂ ಕತೆ ಹೇಳಬೇಕು ಎಂಬುದು. ಮೊದಲ ವಾಕ್ಯ ಬಂತು, ಎರಡನೆಯದೂ ಬಂತು. ಮೂರನೆಯದಕ್ಕೆ ಬಾಯಿ ತೆರೆದವರು ಹಾಗೇ ನಿಂತರು. ನಾನು ಅವರ ಬೂಟು ನೋಡಿದೆ. ಅದು ಅಲುಗುತ್ತಿರಲಿಲ್ಲ. ಪ್ರಾಧ್ಯಾಪಕರು ಪೆನ್ನು ಕೈಗೆತ್ತಿಕೊಂಡರು.

ಪತ್ರಿಕೆಯಲ್ಲಿ ನನಗೆ ಮೊದಲು ಕಲಿಸಿದ ಪಾಠ, ವರದಿಗಾರ್ತಿ ನಡೆಯುವುದನ್ನು ನೋಡಬೇಕು, ಅದರಲ್ಲಿ ಕೈ ಹಾಕಬಾರದು ಎಂಬುದು. ಸಂದರ್ಶನದ ಟೇಪಿನಲ್ಲಿ ನನ್ನ ಪ್ರಶ್ನೆ ಬಿಟ್ಟರೆ ಬೇರೆ ಸದ್ದಿದ್ದರೆ ಸಂಪಾದಕರು ಬೈಯುತ್ತಿದ್ದರು. ಆ ಸಂಜೆ ಹಿಂದಿನ ಸಾಲಿನಿಂದ ನಾನು "ಹೂಂ" ಎಂದೆ.

ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಹುಡುಗನೊಬ್ಬ ತಿರುಗಿ ನೋಡಿದ. ಅತ್ತಿಗೆ ಮೂರನೆಯ ವಾಕ್ಯ ಹೇಳಿದರು. ಪುಸ್ತಕ ಯಾರಿಗೂ ಕಾಯುವುದಿಲ್ಲ, ಮಗು ಕೇಳುತ್ತಿದೆಯೇ ಇಲ್ಲವೇ ಎಂದು ಅದು ನೋಡುವುದಿಲ್ಲ ಎಂದರು. ನಾನು ಮತ್ತೆ ಹೂಂಗುಟ್ಟಿದೆ. ಪ್ರಾಧ್ಯಾಪಕರು ಈ ಸಲ ತಲೆಯೆತ್ತಿ ನನ್ನತ್ತ ನೋಡಿದರು. ಅದು ಇನ್ನು ಸಾಕು ಎಂಬ ನೋಟ. ನಾನು ಸುಮ್ಮನಾದೆ.

ಆಗ ನಡುವಿನ ಸಾಲಿನಿಂದ ಒಂದು ದಪ್ಪ ದನಿ, ಸಮಾಧಾನವಾಗಿ, "ಆಲ್‌ರೈಟ್" ಎಂದಿತು. ಬಸ್ಸಿನವರು.

ಅತ್ತಿಗೆ ಅವರ ಕಡೆ ತಿರುಗಿದರು. ಮುಂದಿನ ವಾಕ್ಯವನ್ನು ಅವರಿಗೇ ಹೇಳಿದರು. "ದಟ್ಸ್ ರೈಟ್," ಎಂದರು ಅವರು. ಅಲ್ಲಿಂದ ಕೊನೆಯವರೆಗೆ ಇಬ್ಬರೂ ಸೇರಿ ಭಾಷಣ ನಡೆಸಿದರು. ಅವರನ್ನು ಪ್ರಾಧ್ಯಾಪಕರು ತಡೆಯಲಿಲ್ಲ. ಬಹುಶಃ ಪ್ರಾಧ್ಯಾಪಕರಿಗೆ ಅದು ಗೊತ್ತಿದ್ದ ಸದ್ದು. ಅತ್ತಿಗೆಯ ಬೂಟಿನ ತುದಿ ಏಳುತ್ತಾ ಇಳಿಯುತ್ತಾ ಇತ್ತು.

ಹೊರಗೆ ಬಂದ ಮೇಲೆ ಅತ್ತಿಗೆ ಅವರ ಹತ್ತಿರ ಹೋಗಿ ಥ್ಯಾಂಕ್ಸ್ ಹೇಳಿದರು. ಅವರು ಟೋಪಿ ಹಾಕಿಕೊಳ್ಳುತ್ತಾ, ಓಕ್‌ಲೆಂಡಿನ ತಮ್ಮ ಚರ್ಚಿನಲ್ಲಿ ಜನ ಸುಮ್ಮನೆ ಕೂತರೆ ಪಾದ್ರಿಗೆ ಮೈ ಹುಷಾರಿಲ್ಲವೇನೋ ಎಂದುಕೊಳ್ಳುತ್ತಾರೆ ಎಂದರು. ಹಿಂದೆ ಕೂತವಳು ಒಬ್ಬಳೇ ಕಷ್ಟಪಡುತ್ತಿದ್ದಳು, ಅದಕ್ಕೆ ಕೈಜೋಡಿಸಿದೆ ಎಂದು ನನ್ನತ್ತ ತೋರಿಸಿದರು. ಅವರಿಗೂ ಅದು ಕೊನೆಗೆ ಉಳಿದ ವಿಷಯವಂತೆ.

ಕಾರಿನಲ್ಲಿ ಅತ್ತಿಗೆ ಬೂಟು ಬಿಚ್ಚಿ ಕಾಲು ಮೇಲಿಟ್ಟು ಕೂತರು. ಹೊಸ ಕಾಲುಚೀಲ ತೂತಾಗಿತ್ತು.

"ನಮ್ಮೂರಲ್ಲೂ ಹೂಂ ಅನ್ನೋರಿಲ್ದೆ ಕತೆ ಹೇಳಲ್ಲ. ಇವ್ರಲ್ಲೂ ಹಂಗೇ ಅಂತೆ. ಮೊದ್ಲೇ ಗೊತ್ತಿದ್ರೆ ಆ ಚರ್ಚಿಗೇ ಹೋಗಿ ಪರೀಕ್ಷೆ ಕೊಡ್ತಿದ್ದೆ," ಎಂದರು.

ಪದವಿ ಪ್ರದಾನಕ್ಕೆ ಅತ್ತಿಗೆ ಇರಲಿಲ್ಲ, ಆಗಲೇ ಡಲ್ಲಾಸಿನಲ್ಲಿದ್ದರು. ಪ್ರಮಾಣಪತ್ರ ಅಂಚೆಯಲ್ಲಿ ನನ್ನ ವಿಳಾಸಕ್ಕೆ ಬಂತು, ನಾನು ಕಳಿಸಿಕೊಟ್ಟೆ. ಅಲ್ಲಿ ಒಂದನೆಯ ತರಗತಿಗೆ ಟೀಚರ್ ಆದರು. ಕತೆ ಹೇಳುವಾಗ ದಿನಕ್ಕೊಂದು ಮಗುವನ್ನು ಹೂಂ ಅನ್ನುವುದಕ್ಕೆಂದೇ ನೇಮಿಸುತ್ತಿದ್ದರಂತೆ. ಆ ಕೆಲಸಕ್ಕೆ ಮಕ್ಕಳಲ್ಲಿ ಜಗಳವಾಗುತ್ತಿತ್ತಂತೆ.

ನಾನು ಅಂದಿನಿಂದ ಇಂದಿನವರೆಗೆ ಮಾತಾಡಿಸುವ ಕೆಲಸವನ್ನೇ ಮಾಡಿಕೊಂಡು ಬಂದಿದ್ದೇನೆ. ಕೆಲಸ ಕಳೆದುಕೊಂಡವರು, ಮಕ್ಕಳನ್ನು ಕಳೆದುಕೊಂಡವರು, ಪೊಲೀಸರು, ಮೇಯರುಗಳು. ಒಳ್ಳೆಯ ಪ್ರಶ್ನೆಯಿಂದ ಒಂದು ಉತ್ತರ ಬರುತ್ತದೆ. ಅದರಾಚೆಯದು ಬರುವುದು ಕೇಳುತ್ತಿದ್ದೇನೆ ಎಂದು ಅವರಿಗೆ ತಿಳಿದಾಗ. ನನ್ನ ಟೇಪುಗಳಲ್ಲೆಲ್ಲ ನನ್ನ ಹೂಂ ಇದೆ. ಸಂಪಾದಕರು ಬೈಯುವುದನ್ನು ಯಾವಾಗಲೋ ಬಿಟ್ಟರು.

ಹಲವು ವರ್ಷಗಳ ಮೇಲೆ ಅತ್ತಿಗೆಗೆ ಕಾಯಿಲೆ ಬಂದದ್ದು ಗಂಟಲಿಗೆ. ಕಡೆಯ ತಿಂಗಳುಗಳಲ್ಲಿ ಹೆಚ್ಚು ಮಾತು ಆಡುವ ಹಾಗಿರಲಿಲ್ಲ. ಭಾನುವಾರ ಫೋನು ಮಾಡಿದರೆ ಅಣ್ಣ ಅವರ ಕಿವಿಗೆ ಹಿಡಿಯುತ್ತಿದ್ದ. "ನೀನೇ ಹೇಳು," ಎಂದಷ್ಟೇ ಅನ್ನುತ್ತಿದ್ದರು. ನಾನು ಆಫೀಸಿನದು, ಫ್ರೀಮಾಂಟಿನದು, ಆ ಹಳೆಯ ಅಪಾರ್ಟ್‌ಮೆಂಟಿಗೆ ಬಳಿದ ಹೊಸ ಬಣ್ಣದ್ದು, ಸಿಕ್ಕಿದ್ದೆಲ್ಲ ಹೇಳುತ್ತಿದ್ದೆ. ಆ ಕಡೆಯಿಂದ ತಪ್ಪದೆ ಹೂಂ ಬರುತ್ತಿತ್ತು. ನನ್ನ ಕೆಲಸದಲ್ಲಿ ಯಾರು ಯಾವಾಗ ಏನೆಂದರೆಂದು ಗುರುತು ಹಾಕಿಕೊಳ್ಳುವುದು ರೂಢಿ. ಆದರೆ ಅವುಗಳಲ್ಲಿ ಕೊನೆಯ ಹೂಂ ಯಾವ ಮಾತಿಗೆ ಬಂತೆಂದು ನನಗೆ ತಿಳಿಯದು. ಅವರು ಕೇಳುತ್ತಿದ್ದಾರೆ ಎಂದುಕೊಂಡು ನಾನು ಹೇಳುತ್ತಲೇ ಇದ್ದೆ.