ಓಟ ಮುಗಿದ ಮೇಲೆ ಇಳಿದ ಬಂಡಿ

ಪಾರ್ಕ್‌ಲ್ಯಾಂಡ್ಸ್ ಬಡಾವಣೆಯ ಇಳಿಜಾರು ರಸ್ತೆಯಲ್ಲಿ ಇವತ್ತು ಬೆಳಿಗ್ಗೆ, ಮನೆಯಲ್ಲೇ ಮಾಡಿದ ಬಂಡಿಗಳ ಓಟ. ಔಷಧ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿರುವ ಗೆಳತಿ ಸುಧಾ ಪ್ಯಾಕಿಂಗ್ ಪೆಟ್ಟಿಗೆಯಿಂದ ಬಂಡಿ ಮಾಡಿ ತಂದಿದ್ದಳು. ತಪಾಸಣೆಗೆ ನಿಂತಿದ್ದ ಹಿರಿಯ ಮ್ವಾಂಗಿ ಅದನ್ನು ತಳ್ಳಿ ನೋಡಿದರು.

"ಬ್ರೇಕ್ ಹಿಡಿಯಲ್ಲ ಮೇಡಂ, ಓಟಕ್ಕೆ ಬಿಡೋಕಾಗಲ್ಲ."

"ನೀವು ಚಿಕ್ಕವರಿದ್ದಾಗ ಓಡಿಸಿದ ಬಂಡೀಲಿ ಬ್ರೇಕ್ ಇತ್ತಾ?" ಎಂದಳು ಸುಧಾ.

"ಕಾಲೇ ಬ್ರೇಕು," ಎಂದು ಅವರು ಬೂಟು ಕಳಚಿ ತೋರಿಸಿದರು. ಎರಡು ಬೆರಳುಗಳಿರಲಿಲ್ಲ.

ಸುಧಾ ಹಳೆಯ ಟೈರಿನ ತುಂಡು ಹುಡುಕಿ ತಂದು, ರಸ್ತೆ ಬದಿಯಲ್ಲೇ ಕೂತು ಬ್ರೇಕಿಗೆ ಬಡಿದು ಕೂರಿಸಿದಳು. "ತಳ್ಳೇ, ಇನ್ನೂ ಜೋರಾಗಿ," ಎಂದು ನನ್ನಿಂದ ತಳ್ಳಿಸಿ ನೋಡಿದಳು. ನಾಲ್ಕನೆಯ ಸಲಕ್ಕೆ ಬ್ರೇಕ್ ಹಿಡಿದು ಬಂಡಿ ನಿಂತಿತು.

ಅಷ್ಟರಲ್ಲಿ ಓಟ ಮುಗಿದು ಜನ ಚದುರುತ್ತಿದ್ದರು. ಮ್ವಾಂಗಿ ಸುತ್ತಿಟ್ಟಿದ್ದ ಬಾವುಟ ಬಿಚ್ಚಿಕೊಂಡು ಇಳಿಜಾರಿನ ಕೆಳತುದಿಗೆ ಹೋಗಿ ನಿಂತರು. ಸುಧಾ ಬಂಡಿಯಲ್ಲಿ ಒಬ್ಬಳೇ ಇಳಿದಳು.